ಲಾರಿ ಚಾಸಿಯ ರೈಲು ಬಸ್ಸು: ಗುಜರಿ, ಫೋಟೊ, ಕಡತಗಳಿಂದ ಗುರುತು ಹಿಡಿಯುವ ಬಗೆ

ಬಾನೆಟ್ಟು ಲಾರಿಯದು, ಮೈ ಬಸ್ಸಿನದು, ಗಾಲಿ ರೈಲಿನದು. ಇಂಥ ವಾಹನದ ಹಳೆಯ ಫೋಟೊ ಸಿಕ್ಕರೆ ಎಲ್ಲರೂ ಕೇಳುವುದು ಒಂದೇ: ಇದು ಯಾವ ಕಂಪನಿಯದು? ಈ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಿಗುವುದು ಅಪರೂಪ. ಚಾಸಿ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು, ಒಬ್ಬರದು, ಎಂಜಿನ್ ಇನ್ನೊಬ್ಬರದು, ಮೈ ಕಟ್ಟಿದ್ದು ರೈಲ್ವೆ ವರ್ಕ್‌ಶಾಪಿನ ಬಡಗಿಗಳು. ಹತ್ತು ಹದಿನೈದು ವರ್ಷ ಓಡಿದ ಮೇಲೆ ಎಂಜಿನ್ನೂ ಮೈಯೂ ಬದಲಾಗಿರುತ್ತವೆ. ಕೊನೆಯವರೆಗೆ ಉಳಿಯುವುದು ಚಾಸಿ. ಹಾಗಾಗಿ ಶೋಧ ಚಾಸಿಯಿಂದ ಶುರುವಾಗಬೇಕು, ಕಡತದಲ್ಲಿ ಗಟ್ಟಿಯಾಗಬೇಕು. ಫೋಟೊದ ಕೆಳಗೆ ಯಾರೋ ಬರೆದ ಸಾಲನ್ನು ಇವೆರಡೂ ಒಪ್ಪಿದ ಮೇಲೆಯೇ ನಂಬಬೇಕು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ನಮ್ಮ ಕಡೆ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ. ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಹಾದು ಗದಗಕ್ಕೆ 1884ರಲ್ಲಿ ಹಾಕಿದ ದಾರಿ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್. ಲೋಂಡಾ–ಬೆಳಗಾವಿ–ಮೀರಜ್ ದಾರಿಯೂ ಮೀಟರ್ ಗೇಜೇ ಆಗಿತ್ತು. ಮೀರಜಿಗೆ ಇನ್ನೊಂದು ಕಡೆಯಿಂದ ಬಾರ್ಸಿ ಲೈಟ್ ರೈಲ್ವೆಯ 762 ಮಿಲಿಮೀಟರ್ ಕಿರುಗೇಜು ಬಂದು ಸೇರುತ್ತಿತ್ತು. ಪುಣೆ ದಾರಿ ಬ್ರಾಡ್ ಗೇಜ್ ಆದ ಮೇಲೆ ಮೂರೂ ಗೇಜುಗಳು ಆ ಒಂದೇ ಊರಿನಲ್ಲಿ ಕೂಡಿದವು. ಹೀಗಿರುವಾಗ ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಗುಜರಿಯವರ ಹಿತ್ತಲಿನಲ್ಲಿ ಒಂದು ಗಾಲಿ ಜೋಡಿ ಸಿಕ್ಕರೆ ಅದು ಮೂರರಲ್ಲಿ ಯಾವ ದಾರಿಯಿಂದಲೂ ಬಂದಿರಬಹುದು. ಸಿಕ್ಕ ಜಾಗವನ್ನಷ್ಟೇ ನೋಡಿ ಊರಿನ ಹೆಸರು ಹಚ್ಚಬಾರದು.

ಲಾರಿಯನ್ನೇ ಹಳಿಗೆ ಏರಿಸಿದ್ದೇಕೆ

ಕಾರಣ ದುಡ್ಡು. ಕವಲು ದಾರಿಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಜನ ಓಡಾಡುವಲ್ಲಿ ಉಗಿ ಎಂಜಿನ್ ಕಟ್ಟಿದರೆ ಕಲ್ಲಿದ್ದಲು, ನೀರು, ಫೈರ್‌ಮನ್ ಎಲ್ಲವೂ ಬೇಕು. ಬೆಳಗಿನ ಗಾಡಿಗೆ ನಸುಕಿನಲ್ಲೇ ಬೆಂಕಿ ಹಾಕಬೇಕು. ಮೊದಲ ಮಹಾಯುದ್ಧ ಮುಗಿದಾಗ ಸೇನೆಯ ಲಾರಿಗಳು ಅಗ್ಗವಾಗಿ ಹರಾಜಿಗೆ ಬಂದವು. ಹಳಿಯ ಪಕ್ಕದ ರಸ್ತೆಯಲ್ಲಿ ಬಸ್ಸು ಶುರುವಾಗಿ ರೈಲಿನ ಗಿರಾಕಿಗಳನ್ನು ಕಸಿದವು. ಸಣ್ಣ ರೈಲ್ವೆಗಳು ಆಗ ಲಾರಿಯನ್ನೇ ತಂದು ಕಬ್ಬಿಣದ ಗಾಲಿ ಹಾಕಿ ಓಡಿಸಿದವು.

ಫ್ರಾನ್ಸಿನ ದೆ-ಸೆವ್ರ್ ಪ್ರಾಂತದಲ್ಲಿ ಜಾರ್ಜ್ ತಾರ್ತಾರಿ 1920ರ ದಶಕದ ಆರಂಭದಲ್ಲಿ ಲಾರಿ ಚಾಸಿಗಳ ಮೇಲೆ ರೈಲು ಬಸ್ಸು ಕಟ್ಟಿದ. ಇಂಗ್ಲೆಂಡಿನಲ್ಲಿ ಕರ್ನಲ್ ಸ್ಟೀಫನ್ಸ್ ತನ್ನ ಕೈಕೆಳಗಿನ ಪುಟ್ಟ ರೈಲ್ವೆಗಳಲ್ಲಿ ಫೋರ್ಡ್ ಗಾಡಿಗಳನ್ನು, ಆಮೇಲೆ ಶೆಫ್ಲೆಕ್ಸ್ ಲಾರಿಗಳನ್ನು, ಬೆನ್ನಿಗೆ ಬೆನ್ನು ಕೊಟ್ಟ ಜೋಡಿಯಾಗಿ ಓಡಿಸಿದ. ಅಮೆರಿಕದಲ್ಲಿ ಮ್ಯಾಕ್, ವೈಟ್ ಲಾರಿ ಕಂಪನಿಗಳು ರೈಲು ಬಸ್ಸಿಗೆಂದೇ ಚಾಸಿ ಮಾರುತ್ತಿದ್ದವು. ಕೊಲೊರಾಡೊದ ರಿಯೊ ಗ್ರಾಂಡೆ ಸದರ್ನ್ ರೈಲ್ವೆ 1931ರಿಂದ 1936ರ ನಡುವೆ ರಿಡ್ಜ್‌ವೇ ಊರಿನ ತನ್ನ ಶೆಡ್ಡಿನಲ್ಲಿ ಬ್ಯುಯಿಕ್ ಮತ್ತು ಪಿಯರ್ಸ್-ಆ್ಯರೊ ಕಾರುಗಳಿಂದ ತನಗಾಗಿ ಏಳು ಗಾಡಿ ಕಟ್ಟಿಕೊಂಡಿತು. ಅವೇ ಹೆಸರಾಂತ ‘ಗ್ಯಾಲಪಿಂಗ್ ಗೂಸ್’ಗಳು. 1944ರಲ್ಲಿ ಬರ್ಮಾದ ಮೊಗೌಂಗ್–ಮಿಚೀನಾ ಮೀಟರ್ ಗೇಜ್ ದಾರಿಯಲ್ಲಿ ಉಗಿ ಎಂಜಿನ್ನುಗಳು ಹಾಳಾಗಿದ್ದಾಗ ಸೇನೆಯವರು ಜೀಪುಗಳಿಗೆ ಕಬ್ಬಿಣದ ಗಾಲಿ ತೊಡಿಸಿ ವ್ಯಾಗನ್ ಎಳೆಸಿದರು.

ಕರ್ನಾಟಕದವರಿಗೆ ರೈಲು ಬಸ್ಸು ಎಂದೊಡನೆ ನೆನಪಾಗುವುದು ಶಿವಮೊಗ್ಗ–ತಾಳಗುಪ್ಪ ಮತ್ತು ಬಂಗಾರಪೇಟೆ–ಕೋಲಾರದ ಗಾಡಿಗಳು. ಅವು ಈ ಕುಲದವಲ್ಲ; ರೈಲಿಗೆಂದೇ ಕಾರ್ಖಾನೆಯಲ್ಲಿ ತಯಾರಾದವು. ಕಾಲ್ಕಾ–ಶಿಮ್ಲಾದ ಡ್ರ್ಯೂರಿ ರೈಲ್ ಮೋಟಾರ್ ಕಾರುಗಳೂ ಅಷ್ಟೇ. ನೋಟ ಒಂದೇ ಎಂದು ಒಂದೇ ಪಟ್ಟಿಗೆ ಸೇರಿಸಿದರೆ ಮುಂದೆ ಎಲ್ಲ ಲೆಕ್ಕವೂ ತಪ್ಪುತ್ತದೆ.

ಇಪ್ಪತ್ತು ಕುದುರೆ ಶಕ್ತಿ ಸಾಲುತ್ತಿತ್ತೇ?

ಸಾಲುತ್ತಿತ್ತು, ಲೆಕ್ಕ ಹೀಗೆ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಒಂದು ಟನ್ ತೂಕಕ್ಕೆ ಸುಮಾರು 5 ಕೆಜಿ ಎಳೆತ ಬೇಕು. 5 ಟನ್ನಿನ ಗಾಡಿಗೆ ಸಮತಟ್ಟಿನಲ್ಲಿ 25 ಕೆಜಿ. ನೂರಕ್ಕೆ ಒಂದರ ಏರು ಬಂದರೆ ಟನ್ನಿಗೆ ಇನ್ನೂ 10 ಕೆಜಿಯಂತೆ 50 ಕೆಜಿ, ಒಟ್ಟು 75 ಕೆಜಿ. ಗಂಟೆಗೆ 40 ಕಿಮೀ ಅಂದರೆ ಸೆಕೆಂಡಿಗೆ 11.1 ಮೀಟರ್. 75 ಕೆಜಿಯನ್ನು ಸೆಕೆಂಡಿಗೆ ಒಂದು ಮೀಟರ್ ಎಳೆಯಲು ಒಂದು ಕುದುರೆ ಶಕ್ತಿ. ಹಾಗಾದರೆ ಇಲ್ಲಿ ಬೇಕಾದದ್ದು 11. ಗೇರು ಮತ್ತು ಆಕ್ಸಲ್‌ನಲ್ಲಿ ಐದರಲ್ಲೊಂದು ಪಾಲು ಸೋರಿದರೂ 14ಕ್ಕೆ ಮುಗಿಯುತ್ತದೆ.

ಇದೇ ಬಗೆಯ ಲೆಕ್ಕ ಹಳೆಯ ಹೇಳಿಕೆಗಳನ್ನು ಒರೆಗೆ ಹಚ್ಚಲೂ ಬರುತ್ತದೆ. ಫೋರ್ಡ್ ಟಿಟಿ ಎಂಬ ಒಂದು ಟನ್ನಿನ ಲಾರಿಯನ್ನೇ ತೆಗೆದುಕೊಳ್ಳಿ. ಅದರ 20 ಕುದುರೆ ಶಕ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗುವಾಗ. ಹಿಂದಿನ ಆಕ್ಸಲ್‌ನ ವರ್ಮ್ ಗೇರು 7.25ಕ್ಕೆ 1, ಬೇಕೆಂದವರಿಗೆ 5.17ಕ್ಕೆ 1 ಕೂಡ ಸಿಗುತ್ತಿತ್ತು. ಹಳಿಯ ಗಾಲಿ 24 ಇಂಚು ಅಂದರೆ 610 ಮಿಮೀ ಇದ್ದರೆ ಒಂದು ಸುತ್ತಿಗೆ 1.92 ಮೀಟರ್ ಸಾಗುತ್ತದೆ. 1,600 ಭಾಗಿಸು 7.25, ಗುಣಿಸು 1.92, ಗುಣಿಸು 60: ಗಂಟೆಗೆ ಸುಮಾರು 25 ಕಿಮೀ. ಇನ್ನೊಂದು ಗೇರಿನಲ್ಲಿ ಸುಮಾರು 36. ಇಂಥ ಗಾಡಿ ಗಂಟೆಗೆ 60 ಕಿಮೀ ಓಡುತ್ತಿತ್ತೆಂದು ಎಲ್ಲಾದರೂ ಬರೆದಿದ್ದರೆ ಗಾಲಿಯ ಅಳತೆ ತಪ್ಪು, ಇಲ್ಲವೇ ಗೇರು ಬೇರೆ, ಇಲ್ಲವೇ ಬರೆದವರ ಉತ್ಸಾಹ ಹೆಚ್ಚು. ಹಿಂದಿನ ಆಕ್ಸಲ್ ಉಳಿದಿದ್ದರೆ ಗೇರಿನ ಪ್ರಮಾಣವನ್ನು ಕೈಯಿಂದಲೇ ಎಣಿಸಬಹುದು. ಎರಡೂ ಗಾಲಿಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಎಂಜಿನ್ ಕಡೆಯಿಂದ ಬರುವ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಅದು ಎಷ್ಟು ಸುತ್ತು ಬಂತೆಂದು ನೋಡಿದರಾಯಿತು.

ಹಳಿಯ ಮೇಲೆ ಲಾರಿಗೆ ಬಂದ ಕಷ್ಟ, ಅದು ಬಿಟ್ಟುಹೋದ ಗುರುತು

ಲಾರಿ ಚಾಸಿಗೆ ಹಳಿ ಒಗ್ಗುವುದಿಲ್ಲ. ಒಗ್ಗಿಸಲು ಮಾಡಿದ ಪ್ರತಿಯೊಂದು ಹಿಕಮತ್ತೂ ಕಬ್ಬಿಣದ ಮೇಲೆ ಗುರುತು ಬಿಟ್ಟಿರುತ್ತದೆ. ಶೋಧಕರಿಗೆ ಬೇಕಾದದ್ದು ಆ ಗುರುತುಗಳೇ.

ಮೊದಲನೆಯದು ಗಾಲಿಗಳ ಅಂತರ. ಫೋರ್ಡ್ ಲಾರಿಯ ಎಡ–ಬಲ ಗಾಲಿಗಳ ನಡುವೆ 56 ಇಂಚು. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಗೇಜು 56½ ಇಂಚು. ಅಲ್ಲಿ ಫೋರ್ಡ್ ಹೆಚ್ಚೇನೂ ಕೊಯ್ಯದೆ ಹಳಿಗೆ ಕೂತಿತು. ಮೀಟರ್ ಗೇಜಿಗೆ ಅದೇ ಆಕ್ಸಲ್ 400 ಮಿಮೀಗಿಂತ ಹೆಚ್ಚು ಅಗಲ. ಆಗ ಇರುವ ದಾರಿ ಎರಡು: ಆಕ್ಸಲ್ ಹೌಸಿಂಗ್ (ಹೊರಗಿನ ಕವಚ) ಕೊಯ್ದು ಕಿರಿದು ಮಾಡಿ ಒಳಗಿನ ಶಾಫ್ಟುಗಳನ್ನೂ ಕಡಿದು ಹೊಸ ಹಲ್ಲು ಹಾಕುವುದು, ಇಲ್ಲವೇ ಒಳಕ್ಕೆ ಬೋಗುಣಿಯಾದ ಗಾಲಿ ಮಾಡಿಸುವುದು. ಹೌಸಿಂಗಿನ ಎರಡೂ ತೋಳುಗಳಲ್ಲಿ ಒಂದೇ ದೂರದಲ್ಲಿ ಸುತ್ತಲೂ ಬೆಸುಗೆಯ ಗೆರೆಯೋ ರಿವೆಟ್ ಹೊಡೆದ ಪಟ್ಟಿಯೋ ಕಂಡರೆ ಅದು ಗೇಜಿಗಾಗಿ ಕೊಯ್ದ ಆಕ್ಸಲ್.

ಎರಡನೆಯದು ಡಿಫರೆನ್ಷಿಯಲ್, ಅಂದರೆ ಎಡ–ಬಲ ಗಾಲಿಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿಗಳ ಗುಂಪು. ರೈಲಿನ ಗಾಲಿ ಜೋಡಿ ಒಂದೇ ಆಕ್ಸಲ್‌ಗೆ ಬಿಗಿಯಾಗಿರುತ್ತದೆ, ಹಳಿಗೆ ತಾಗುವ ಗಾಲಿಯ ಮೈ 20ಕ್ಕೆ 1ರಂತೆ ಇಳಿಜಾರಾಗಿರುತ್ತದೆ. ಜೋಡಿ ಒಂದು ಬದಿಗೆ ಸರಿದರೆ ಆ ಬದಿಯ ಗಾಲಿ ದೊಡ್ಡ ಸುತ್ತಳತೆಯಲ್ಲಿ ಉರುಳಿ ತಾನಾಗಿ ನಡುವಿಗೆ ಮರಳುತ್ತದೆ. ಲಾರಿ ಆಕ್ಸಲ್‌ನಲ್ಲಿ ಎಡಗಾಲಿ ಬಲಗಾಲಿ ಬೇರೆಬೇರೆಯಾಗಿ ತಿರುಗುವುದರಿಂದ ಈ ಸ್ವಭಾವವೇ ಇಲ್ಲ. ಗಾಡಿ ಒಂದು ಬದಿಗೆ ವಾಲಿಕೊಂಡೇ ಓಡುತ್ತದೆ, ಆ ಬದಿಯ ಫ್ಲ್ಯಾಂಜು (ಗಾಲಿ ಹಳಿಯಿಂದ ಜಾರದಂತೆ ತಡೆಯುವ ಎತ್ತರದ ಅಂಚು) ಹಳಿಗೆ ಉಜ್ಜಿ ಉಜ್ಜಿ ಚೂಪಾಗುತ್ತದೆ, ಇನ್ನೊಂದು ದಪ್ಪವಾಗಿಯೇ ಉಳಿಯುತ್ತದೆ. ಗುಜರಿಯಲ್ಲಿ ಸಿಕ್ಕ ಜೋಡಿಯ ಎರಡೂ ಫ್ಲ್ಯಾಂಜನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಒಂದೇ ಬದಿ ತೀರ ಸವೆದಿದ್ದರೆ ಡಿಫರೆನ್ಷಿಯಲ್ ಬಿಡಿಯಾಗಿದ್ದ ಆಕ್ಸಲ್ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಕೆಲವರು ಒಳಗಿನ ಚಿಕ್ಕ ಹಲ್ಲುಗಾಲಿಗಳನ್ನು ಬೆಸುಗೆ ಹಾಕಿ ಕಟ್ಟಿಬಿಡುತ್ತಿದ್ದರು. ಪರೀಕ್ಷೆ ಸುಲಭ: ಆಕ್ಸಲ್ ಎತ್ತಿ, ಶಾಫ್ಟು ಹಿಡಿದು, ಒಂದು ಗಾಲಿ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಬಿಡಿ. ಎರಡೂ ಅಲುಗದಿದ್ದರೆ ಕಟ್ಟಿದ್ದು, ಇಲ್ಲವೇ ತುಕ್ಕು ಹಿಡಿದು ಕಚ್ಚಿಕೊಂಡದ್ದು. ಕವರು ಬಿಚ್ಚಿ ನೋಡದೆ ತೀರ್ಮಾನ ಬೇಡ.

ಮೂರನೆಯದು ರಿವರ್ಸ್. ಲಾರಿಗೆ ಹಿಂದಕ್ಕೆ ಇರುವುದು ಒಂದೇ ನಿಧಾನದ ಗೇರು. ಹಿಂದಕ್ಕೆ ಓಡಿಸುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗದೆ ನೀರು ಕುದಿಯುತ್ತದೆ, ಡ್ರೈವರಿಗೆ ದಾರಿ ಕಾಣುವುದಿಲ್ಲ. ಸ್ಟೀಫನ್ಸ್ ಎರಡು ಗಾಡಿ ಬೆನ್ನಿಗೆ ಬೆನ್ನು ಜೋಡಿಸಿದ್ದು ಇದಕ್ಕೇ. ಹಿಂದಿನ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡುತ್ತಿದ್ದರು. ಫ್ರಾನ್ಸಿನ ಕೆಲವು ಗಾಡಿಗಳ ಹೊಟ್ಟೆಯ ಕೆಳಗೇ ಒಂದು ಜಾಕ್ ಇರುತ್ತಿತ್ತು. ಅದನ್ನು ಇಳಿಸಿ ಇಡೀ ಗಾಡಿಯನ್ನು ಎತ್ತಿ, ಕೈಯಿಂದ ತಿರುಗಿಸಿ, ಮತ್ತೆ ಹಳಿಗೆ ಕೂಡಿಸುತ್ತಿದ್ದರು. ಚಾಸಿಯ ತೂಕದ ನಡುಬಿಂದುವಿನ ಹತ್ತಿರ ಅಡ್ಡಪಟ್ಟಿ, ದಪ್ಪ ತಟ್ಟೆ, ಕಾರಣವಿಲ್ಲದಂತೆ ತೋರುವ ದೊಡ್ಡ ಬೋಲ್ಟು ತೂತು ಕಂಡರೆ ಈ ಜಾಕನ್ನು ನೆನೆಸಿಕೊಳ್ಳಿ.

ಬ್ರೇಕಿನದು ಪ್ರಾಣದ ವಿಷಯ. ರಬ್ಬರು ರಸ್ತೆ ಹಿಡಿಯುವಂತೆ ಉಕ್ಕು ಹಳಿ ಹಿಡಿಯುವುದಿಲ್ಲ. ಒದ್ದೆ ಹಳಿಯಲ್ಲಿ ಹಿಡಿತ ತೂಕದ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಗಂಟೆಗೆ 40 ಕಿಮೀಯಲ್ಲಿ ನಾಲ್ಕೂ ಗಾಲಿಗೆ ಬ್ರೇಕಿದ್ದರೂ ನಿಲ್ಲಲು 60 ಮೀಟರಿಗೂ ಹೆಚ್ಚು ಬೇಕು. ಹಿಂದಿನ ಆಕ್ಸಲ್ ಮಾತ್ರ ಹಿಡಿಯುವ ಲಾರಿ ಬ್ರೇಕಿನಲ್ಲಿ ನೂರು ಮೀಟರ್ ದಾಟುತ್ತದೆ. ಹೆದರಿ ಜೋರಾಗಿ ಒತ್ತಿದರೆ ಗಾಲಿ ಕಚ್ಚಿ ಜಾರುತ್ತದೆ, ಜಾರಿದ ಜಾಗ ಚಪ್ಪಟೆಯಾಗುತ್ತದೆ. ಗಾಲಿಯ ಮೈಮೇಲಿನ ಚಪ್ಪಟೆ ಕಲೆ, ಚಾಸಿಗೆ ಕಟ್ಟಿದ ಉಸುಕಿನ ಡಬ್ಬಿಯ ಹಿಡಿಕೆ, ಗಾಲಿಯ ಮುಂದಕ್ಕೆ ಇಳಿದ ಕೊಳವೆ, ಇವೆಲ್ಲ ಹಳಿಯ ಮೇಲೆ ನಿಜಕ್ಕೂ ಓಡಿದ ಗಾಡಿಯ ಗುರುತು.

ಮುಂದಿನ ಆಕ್ಸಲ್ ಬಗ್ಗೆ ಚಿಕ್ಕದಾಗಿ: ಸ್ಟಿಯರಿಂಗಿಗೆ ಮಾಡಿದ ಮುಂಗಾಲಿ ಹಳಿಯ ತಿರುವಿನಲ್ಲೂ ಪಾಯಿಂಟಿನಲ್ಲೂ (ಹಳಿ ಕವಲೊಡೆಯುವ ಜಾಗ) ಹಗುರಾಗಿ ಹಳಿ ಹತ್ತಿ ಕೆಳಗಿಳಿದುಬಿಡುತ್ತದೆ. ಅದಕ್ಕೆ ಅನೇಕರು ಅದನ್ನು ಕಿತ್ತು ನಾಲ್ಕು ಗಾಲಿಯ ಪುಟ್ಟ ಬೋಗಿ (ಡಬ್ಬಿಯಲ್ಲ, ಗಾಡಿಯ ಕೆಳಗೆ ತಾನಾಗಿ ತಿರುಗುವ ಗಾಲಿ ಚೌಕಟ್ಟು) ಹಾಕಿದರು.

ಐರ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಯವರ ಗಾಲಿಯೇ ಬೇರೆ. 1934ರಿಂದ ಅವರು ತಮ್ಮ ರೈಲು ಬಸ್ಸುಗಳಿಗೆ ಗಾಳಿ ತುಂಬಿದ ರಬ್ಬರ್ ಟೈರಿನ ಸುತ್ತ ಫ್ಲ್ಯಾಂಜಿರುವ ಉಕ್ಕಿನ ಬಳೆ ತೊಡಿಸಿದರು. ಹೌಡನ್–ಮೆರೆಡಿತ್ ಪೇಟೆಂಟ್ ಎಂದು ಅದರ ಹೆಸರು. ಒಳಗೆ ಕಡ್ಡಿಯೂ ಇಲ್ಲದ ಹಬ್ಬೂ ಇಲ್ಲದ ಬರೀ ಫ್ಲ್ಯಾಂಜಿನ ಬಳೆ ಕಂಡರೆ ಇದನ್ನೂ ಮನಸ್ಸಿನಲ್ಲಿಡಿ.

ಗುಜರಿ ಚಾಸಿಯ ಮುಂದೆ ಕೂತಾಗ

ಬೇಕಾದದ್ದು 5 ಮೀಟರ್ ಟೇಪು, ವರ್ನಿಯರ್, ಇಂಚು ಮತ್ತು ಮೆಟ್ರಿಕ್ ಎರಡೂ ಇರುವ ಥ್ರೆಡ್ ಗೇಜು, ಸೀಮೆಸುಣ್ಣ, ಬ್ಯಾಟರಿ, ತೆಳು ಹಾಳೆ, ಮೆತ್ತನೆಯ ಪೆನ್ಸಿಲ್. ಗ್ರೈಂಡರ್ ಬೇಡ, ತಂತಿ ಬ್ರಶ್ಶೂ ಬೇಡ. ನಂಬರು ಕಾಣಲಿ ಎಂದು ಗ್ರೈಂಡರ್ ಹಚ್ಚಿ ನಂಬರನ್ನೇ ಅಳಿಸಿದ ಚಾಸಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ಸೀಮೆಸುಣ್ಣ ತಿಕ್ಕಿ, ಬ್ಯಾಟರಿಯನ್ನು ಓರೆಯಾಗಿ ಹಿಡಿದರೆ ಒತ್ತಿದ ಅಕ್ಷರ ಎದ್ದು ಕಾಣುತ್ತದೆ. ಹಾಳೆ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಳ್ಳಿ.

ಮೊದಲ ಅಳತೆ ಗಾಲಿಗಳ ಬೆನ್ನಿನ ಅಂತರ: ಎರಡೂ ಗಾಲಿಗಳ ಒಳಮುಖದ ನಡುವಿನ ದೂರ. ಭಾರತದ ಹಳಿಗಳಲ್ಲಿ ಇದು ಬ್ರಾಡ್ ಗೇಜಿಗೆ 1,600 ಮಿಮೀ, ಮೀಟರ್ ಗೇಜಿಗೆ 930, 762ರ ಕಿರುಗೇಜಿಗೆ 700ರ ಆಸುಪಾಸು. ಮೀರಜಿನ ಸುತ್ತಮುತ್ತ ಸಿಕ್ಕ ಜೋಡಿಗೆ ಈ ಒಂದು ಅಳತೆಯೇ ಮೂರರಲ್ಲಿ ಎರಡು ದಾರಿಯನ್ನು ತಳ್ಳಿಹಾಕುತ್ತದೆ. ಸುತ್ತ ಮೂರು ಕಡೆ ಅಳೆಯಿರಿ, ಆಕ್ಸಲ್ ಬಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಚಾಸಿಯ ತೂತುಗಳು. ಇದಕ್ಕೆ ಅರ್ಧ ದಿನ ಕೊಟ್ಟರೂ ಕಡಿಮೆಯೇ. ಮುಂಭಾಗದ ಉದ್ದಪಟ್ಟಿಯ ಒಂದೇ ಬದಿಯಲ್ಲಿ, ಎಂಜಿನ್ನಿನ ಹಿಂದೆ, ಮೂರು ನಾಲ್ಕು ತೂತುಗಳ ಗುಂಪು ಕಂಡರೆ ಅದು ಸ್ಟಿಯರಿಂಗ್ ಬಾಕ್ಸ್ ಕೂತಿದ್ದ ಜಾಗ. ರಸ್ತೆ ಲಾರಿಯಾಗಿ ಹುಟ್ಟಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಗುರುತಿಲ್ಲ. ತೂತುಗಳು ಬಲಕ್ಕಿದ್ದರೆ ನಮ್ಮ ರಸ್ತೆಗೆಂದು ತರಿಸಿದ ಲಾರಿ. ಎಡಕ್ಕಿದ್ದರೆ ಹೆಚ್ಚಾಗಿ ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾ ಲಾರಿಯ ಕಡೆ ಬೊಟ್ಟು ಮಾಡುತ್ತವೆ. ತೂತಿನ ಅಂಚನ್ನೂ ನೋಡಿ. ಕಾರ್ಖಾನೆಯಲ್ಲಿ ಪಂಚ್ ಹೊಡೆದ ತೂತು ಒಂದು ಬದಿಗೆ ನಯ, ಇನ್ನೊಂದು ಬದಿಗೆ ತುಸು ಹರಿದಂತಿರುತ್ತದೆ. ವರ್ಕ್‌ಶಾಪಿನಲ್ಲಿ ಡ್ರಿಲ್ ಹಾಕಿದ್ದು ಎರಡೂ ಬದಿಗೆ ನೆಟ್ಟಗಿರುತ್ತದೆ. ಗ್ಯಾಸಿನಲ್ಲಿ ಸುಟ್ಟು ತೆಗೆದದ್ದರ ಅಂಚು ಕರಗಿದ ಮೇಣದ ಹಾಗೆ. ಅದು ಬಹುತೇಕ ಕೊನೆಯ ವರ್ಷಗಳ ರಿಪೇರಿ.

ಬೋಲ್ಟುಗಳಂತೂ ಕಡತದಷ್ಟೇ ಮಾತಾಡುತ್ತವೆ. ಅರ್ಧ ಇಂಚಿನ ಬೋಲ್ಟಿನಲ್ಲಿ ಇಂಚಿಗೆ 12 ಎಳೆ (ಥ್ರೆಡ್), ಕೋನ 55 ಡಿಗ್ರಿ ಇದ್ದರೆ ಬ್ರಿಟಿಷ್ ವಿಟ್‌ವರ್ತ್. ಕೋನ 60 ಡಿಗ್ರಿ ಇದ್ದು 13 ಅಥವಾ 20 ಎಳೆ ಇದ್ದರೆ ಅಮೆರಿಕದ್ದು. 12 ಮಿಮೀ ದಪ್ಪ, ಎಳೆಯ ಅಂತರ 1.75 ಮಿಮೀ ಇದ್ದರೆ ಮೆಟ್ರಿಕ್. ಬ್ರಿಟಿಷರ ಕಾಲದ ರೈಲ್ವೆ ವರ್ಕ್‌ಶಾಪುಗಳು ವಿಟ್‌ವರ್ತ್ ಬಳಸುತ್ತಿದ್ದವು. ಕಮಾನಿನ ಪಾಟಾ ಹಿಡಿದ ಬೋಲ್ಟು ಅಮೆರಿಕನ್, ಮೈಯನ್ನು ಚಾಸಿಗೆ ಬಿಗಿದ ಬೋಲ್ಟು ವಿಟ್‌ವರ್ತ್ ಆಗಿದ್ದರೆ ಅಮೆರಿಕದ ಲಾರಿಯನ್ನು ಇಲ್ಲಿಯ ವರ್ಕ್‌ಶಾಪಿನಲ್ಲಿ ಮಾರ್ಪಡಿಸಿದ್ದಾರೆ ಎಂಬ ಊಹೆಗೆ ಬಲವಾದ ಆಧಾರ. ಇಡೀ ಚಾಸಿ ಮೆಟ್ರಿಕ್ ಆಗಿದ್ದರೆ ಟಾಟಾ–ಮರ್ಸಿಡಿಸ್ ಇರಬಹುದು, ಅಂದರೆ 1954ರ ಈಚಿನದು. ಹಬ್ಬಿನ ಸ್ಟಡ್ಡುಗಳನ್ನೂ ಎಣಿಸಿ: ಹತ್ತು ಸ್ಟಡ್ಡು 335 ಮಿಮೀ ವೃತ್ತದಲ್ಲಿದ್ದರೆ ಯುರೋಪಿನ ಮಾದರಿ, 11¼ ಇಂಚಿನ ವೃತ್ತದಲ್ಲಿದ್ದರೆ ಅಮೆರಿಕದ್ದು.

ಎಂಜಿನ್ ನಂಬರು ಸಿಕ್ಕಿತೆಂದು ಹಿಗ್ಗಬೇಡಿ. ಫೋರ್ಡ್ ಟಿ, ಟಿಟಿಗಳಲ್ಲಿ ಎಂಜಿನ್ ಬ್ಲಾಕಿನ ಎಡಬದಿಯ ನಂಬರೇ ಗಾಡಿಯ ನಂಬರು. ಎಂಜಿನ್ ಬದಲಾದರೆ ಗಾಡಿಯ ವಯಸ್ಸೇ ಬದಲಾದಂತೆ ತೋರುತ್ತದೆ. ಕೊಲೊರಾಡೊದ ಗೂಸ್‌ಗಳಲ್ಲಿ ಕೆಲವಕ್ಕೆ ಯುದ್ಧದ ನಂತರ ಜಿಎಂಸಿ ಎಂಜಿನ್ನೂ ವೇಯ್ನ್ ಕಂಪನಿಯ ಬಸ್ ಮೈಯೂ ಬಂದವು. 1950ರ ಫೋಟೊ ನೋಡಿ 1930ರ ಗಾಡಿಯನ್ನು ವರ್ಣಿಸಿದರೆ ಎರಡೂ ತಪ್ಪು.

ಫೋಟೊ ಮಾತ್ರ ಇದ್ದರೆ

ಹಳಿಯೇ ಅಳತೆಗೋಲು. ಎದುರಿನಿಂದ ತೆಗೆದ ಫೋಟೊದಲ್ಲಿ ಒಂದೇ ಸ್ಲೀಪರಿನ (ಹಳಿಗಳ ಕೆಳಗಿನ ಅಡ್ಡ ದಿಮ್ಮಿ) ಮೇಲೆ ಎರಡು ಅಳತೆ ತೆಗೆಯಿರಿ: ಸ್ಲೀಪರಿನ ಪೂರ್ತಿ ಉದ್ದ, ಹಳಿಗಳ ಒಳ ಅಂತರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮರದ ಸ್ಲೀಪರು ಬ್ರಾಡ್ ಗೇಜಿನಲ್ಲಿ 2.75 ಮೀಟರ್, ಮೀಟರ್ ಗೇಜಿನಲ್ಲಿ 1.83, ಕಿರುಗೇಜಿನಲ್ಲಿ ಸುಮಾರು 1.5. ಉತ್ತರ 1.6ರ ಹತ್ತಿರ ಬಂದರೆ ಬ್ರಾಡ್, 1.8 ಆದರೆ ಮೀಟರ್, 2 ಆದರೆ ಕಿರುಗೇಜು. ಗೇಜು ತಿಳಿದ ಮೇಲೆ ಗಾಲಿಯ ವ್ಯಾಸ, ದೀಪಗಳ ಅಂತರ, ಬಾನೆಟ್ಟಿನ ಅಗಲ ಎಲ್ಲ ಹೊರಡುತ್ತವೆ. ಆದರೆ ಅಳೆಯುವ ವಸ್ತು ಆ ಸ್ಲೀಪರಿನಷ್ಟೇ ದೂರದಲ್ಲಿರಬೇಕು, ಹಿಂದಿನದ್ದು ಚಿಕ್ಕದಾಗಿ ಕಾಣುತ್ತದೆ. ಪಕ್ಕದಿಂದ ತೆಗೆದ ಫೋಟೊದಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ಅಂತರ ತೆಗೆಯಿರಿ. ಫೋರ್ಡ್ ಟಿ ಕಾರಿಗೆ ಅದು 100 ಇಂಚು, ಟಿಟಿ ಲಾರಿಗೆ 124. ಮೂತಿಯಲ್ಲಿ ರೇಡಿಯೇಟರೇ ಕಾಣದೆ ಬಾನೆಟ್ಟು ಇಳಿಜಾರಾಗಿದ್ದರೆ ಮ್ಯಾಕ್ ಎಸಿಯನ್ನು ಪರಿಶೀಲಿಸಿ, ಅದರ ರೇಡಿಯೇಟರು ಎಂಜಿನ್ನಿನ ಹಿಂದೆ.

ಕಡತ ಎಲ್ಲೆಲ್ಲಿ ಹಂಚಿಹೋಗಿದೆ

ನಮ್ಮ ಮೂರೂ ಜಿಲ್ಲೆಗಳ ಪ್ರದೇಶ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದ ಕಡೆಗಿತ್ತು. ಆ ಕಾಲದ ಸರ್ಕಾರಿ ಪತ್ರಗಳಿಗೆ ಬೆಂಗಳೂರಿಗಿಂತ ಮೊದಲು ಮುಂಬಯಿ, ಪುಣೆಯ ಪತ್ರಾಗಾರಗಳನ್ನು ನೋಡಬೇಕು. ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗಲಿ ಸಂಸ್ಥಾನಗಳ ದಫ್ತರ ಬೇರೆ. ರೈಲ್ವೆಯ ಕಾಗದದ ದಾರಿ ಮತ್ತೂ ಉದ್ದ. ದಕ್ಷಿಣ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು, ಮುಖ್ಯ ಕಚೇರಿ ಮದ್ರಾಸು, ಕಂಪನಿಯ ಆಡಳಿತ ಮಂಡಳಿ ಲಂಡನ್ನಿನಲ್ಲಿ. 1944ರಲ್ಲಿ ಸರ್ಕಾರ ವಹಿಸಿಕೊಂಡಿತು, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ, 2003ರಲ್ಲಿ ಹುಬ್ಬಳ್ಳಿಯದೇ ನೈರುತ್ಯ ರೈಲ್ವೆ. ಪ್ರತಿ ಬಾರಿಯೂ ಕಡತಗಳು ವಿಂಗಡವಾಗಿವೆ. 1930ರ ಪತ್ರ ಬೇಕಾದರೆ ಚೆನ್ನೈ ಮತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆ, 1970ರದಾದರೆ ಸಿಕಂದರಾಬಾದು. ಹುಡುಕುವಾಗ ಬಿಜಾಪುರ, ಬೆಳಗಾಂ, ಬಾಗಲಕೋಟ್ ಎಂಬ ಹಳೆಯ ಹೆಸರುಗಳನ್ನೇ ಬಳಸಿ. ಬಾಗಲಕೋಟೆ 1997ರವರೆಗೆ ಬಿಜಾಪುರ ಜಿಲ್ಲೆಯೊಳಗಿತ್ತು.

‘ರೈಲ್ ಬಸ್’ ಎಂದು ಮಾತ್ರ ಹುಡುಕಿದರೆ ಕೈಗೆ ಬರುವುದು ಕಡಿಮೆ. ರೈಲ್ ಮೋಟಾರ್, ಮೋಟಾರ್ ಕೋಚ್, ರೈಲ್ ಕಾರ್, ಇನ್‌ಸ್ಪೆಕ್ಷನ್ ಕಾರ್ ಎಲ್ಲವನ್ನೂ ನೋಡಿ. ಆದರೆ 1905–10ರ ‘ರೈಲ್ ಮೋಟಾರ್’ ಬಹಳ ಸಲ ಉಗಿಯದೇ. ಇಂಧನದ ಕಾಲಮ್ಮಿನಲ್ಲಿ ಪೆಟ್ರೋಲು ಇದೆಯೇ, ಕಲ್ಲಿದ್ದಲೇ ಎಂದು ನೋಡಿದರೆ ಬಗೆಹರಿಯುತ್ತದೆ. ‘ಮೋಟಾರ್ ಟ್ರಾಲಿ’ ಎಂದಿದ್ದರೆ ಹಳಿ ತಪಾಸಣೆಯವರ ಗಾಡಿ, ಪ್ರಯಾಣಿಕರದಲ್ಲ. ವಾರ್ಷಿಕ ವರದಿಯ ರೋಲಿಂಗ್ ಸ್ಟಾಕ್ ಪಟ್ಟಿಯನ್ನು ಸತತ ಐದಾರು ವರ್ಷ ಇಟ್ಟು ಹೋಲಿಸಿ. ಸಂಖ್ಯೆ ಏರಿದ ವರ್ಷವೂ ಇಳಿದ ವರ್ಷವೂ ಸಿಗುತ್ತವೆ. ಎಲ್ಲಕ್ಕಿಂತ ಫಲ ಕೊಡುವುದು ಸಿಬ್ಬಂದಿಗೆಂದು ಅಚ್ಚಾಗುತ್ತಿದ್ದ ವರ್ಕಿಂಗ್ ಟೈಮ್ ಟೇಬಲ್. ಹಗುರ ಗಾಡಿಯ ಗಾಲಿ ಹಳಿಯ ಮೇಲಿನ ತುಕ್ಕನ್ನು ಒತ್ತಿ ಟ್ರ್ಯಾಕ್ ಸರ್ಕಿಟ್ಟನ್ನು (ಹಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ಗಾಡಿ ಇದೆಯೆಂದು ತಿಳಿಸುವ ಏರ್ಪಾಡು) ಖಾತ್ರಿಯಾಗಿ ಕೂಡಿಸಲಾರದು, ಅಂದರೆ ಸಿಗ್ನಲಿನ ಮಟ್ಟಿಗೆ ಅಲ್ಲಿ ಗಾಡಿ ಇಲ್ಲದಂತೆಯೇ. ಇಂಥ ಗಾಡಿಗಳಿಗೆ ಪ್ರತ್ಯೇಕ ನಿಯಮ ಬರೆಯಬೇಕಾಗುತ್ತಿತ್ತು. ಆ ನಿಯಮದ ಪುಟದಲ್ಲಿ ಗಾಡಿಯ ನಂಬರು, ವೇಗದ ಮಿತಿ, ಓಡಬಹುದಾದ ನಿಲ್ದಾಣಗಳ ಹೆಸರು ಒಟ್ಟಿಗೆ ಸಿಗುತ್ತವೆ.

ಹಳಿಯ ಪಕ್ಕ ಬಿದ್ದದ್ದನ್ನು ಅಳೆಯಲು ಹೋಗುವ ಮುನ್ನ ಬರಹದಲ್ಲಿ ಅನುಮತಿ ಪಡೆಯಿರಿ. ಅನುಮತಿ ಇಲ್ಲದೆ ರೈಲ್ವೆ ಜಾಗಕ್ಕೆ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ.

ಕಳೆದುಹೋದ ಗಾಲಿಯನ್ನು ಹೊಸದಾಗಿ ಮಾಡಿಸಬೇಕೆಂದರೆ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಆದರೆ ಮೈ, ಫ್ಲ್ಯಾಂಜು ಎಲ್ಲ ಸೇರಿಸಿ ಬೂದು ಬೀಡಿನಲ್ಲಿ (ಗ್ರೇ ಕಾಸ್ಟ್ ಐರನ್) ಎರಕ ಹೊಯ್ಯಿಸಬೇಡಿ. ಪಾಯಿಂಟಿನ ಹೊಡೆತಕ್ಕೆ ಫ್ಲ್ಯಾಂಜು ಒಡೆದು ಹಾರುತ್ತದೆ. ನಡುಭಾಗ ಎರಕದ್ದಿರಲಿ, ಮೇಲಿನ ಬಳೆ ಉಕ್ಕಿನದಿರಲಿ. 600 ಮಿಮೀ ವ್ಯಾಸಕ್ಕೆ ಬಳೆಯನ್ನು 0.6 ಮಿಮೀ ಬಿಗಿಯಾಗಿ ಲೇತ್‌ನಲ್ಲಿ ತಿರುವಿ, ಸುಮಾರು 250 ಡಿಗ್ರಿಗೆ ಕಾಸಿ, ಕಮ್ಮಾರರು ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವಂತೆ ಏರಿಸಿ ತಾನಾಗಿ ಆರಲು ಬಿಡಬೇಕು. ನೀರು ಹೊಯ್ದರೆ ಉಕ್ಕು ಬಿರಿಯುತ್ತದೆ. ಆರಿದ ಮೇಲೆ ಬಳೆಯ ಒಳಮುಖದಲ್ಲಿ ಮಾಡಿದ ವರ್ಷವನ್ನು ಆಳವಾಗಿ ಪಂಚ್ ಹೊಡೆಸಿ. ಇಲ್ಲದಿದ್ದರೆ ನಾಳೆ ಯಾರೋ ಅದನ್ನೇ ಮೂಲ ಗಾಲಿ ಎಂದು ಅಳೆಯುತ್ತಾರೆ.